ಎರಡನೇ ಪಾಳಿಗೆ ಆರಿಸಿದ ಲಿಫ್ಟರ್

ನವೆಂಬರ್ ಎರಡನೇ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಧುಪದಾಳದ ಶಾಲೆಯ ಅಂಗಳದಲ್ಲಿ ನಮ್ಮ ತಂಡ ನಡೆಸುವ ಕಾಕಾ ಎದ್ದು ನಿಂತು ದಡ್ಡಿ ಎಂಬ ಊರಿನ ಹುಡುಗನ ಹೆಸರು ಹೇಳಿದರು. ಅಲ್ಲಿ ಆರು ತಂಡಗಳವರು ಕೂತಿದ್ದೆವು. ಐದು ತಂಡದವರು ನಕ್ಕರು. ನಾವು ನಗಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಚಳಿಗಾಲದ ಭಾನುವಾರಗಳಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಆರು ಊರಿನವರು ಸೇರಿ ವಾಲಿಬಾಲ್ ಆಡುತ್ತೇವೆ. ನಮ್ಮದು ಕಲ್ಲೋಳಿ. ದೊಡ್ಡ ಊರಿನವರೇ ಒಳ್ಳೆಯ ಆಟಗಾರರನ್ನೆಲ್ಲ ಎಳೆದುಕೊಳ್ಳಬಾರದು ಎಂದು ಹಿರಿಯರು ಒಂದು ಕ್ರಮ ಮಾಡಿದ್ದಾರೆ. ತಂಡವಿಲ್ಲದ ಹಳ್ಳಿಗಳ ಆಟಗಾರರ ಹೆಸರನ್ನು ಶಾಲೆಯ ಕರಿಹಲಗೆಯ ಮೇಲೆ ಬರೆಯುತ್ತಾರೆ. ಹೋದ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಪಾಳಿ, ಅದಕ್ಕಿಂತ ಮೇಲಿನವರಿಗೆ ಎರಡನೆಯದು. ಆರಿಸಿದ ಹೆಸರನ್ನು ಅಲ್ಲೇ ಅಳಿಸುತ್ತಾರೆ. ಒಂದು ತಂಡಕ್ಕೆ ಇಬ್ಬರು. ನಾಲ್ಕು ಪಂದ್ಯ ಆದ ಮೇಲೆ ಆ ಇಬ್ಬರಲ್ಲಿ ಒಬ್ಬನನ್ನು ಬಿಡಬೇಕು. ಉಳಿಸಿಕೊಂಡವನು ಮುಂದಿನ ಮೂರು ವರ್ಷ ಆ ತಂಡದವನೇ. ಹೋದ ವರ್ಷ ನಾವು ಹತ್ತು ಪಂದ್ಯಗಳಲ್ಲಿ ಮೂರು ಗೆದ್ದು ಐದನೆಯವರಾಗಿದ್ದೆವು. ಹಾಗಾಗಿ ಎರಡನೇ ಪಾಳಿ ನಮ್ಮದು.

ನಮ್ಮ ಪಾಳಿ ಬಂದಾಗ ಹಲಗೆಯ ಮೇಲೆ ಹುಕ್ಕೇರಿ ಹತ್ತಿರದ ಹಳ್ಳಿಯ ಒಬ್ಬ ಸ್ಮ್ಯಾಷರ್‌ನ ಹೆಸರು ಇನ್ನೂ ಇತ್ತು. ಬೇರೆ ತಂಡದಲ್ಲಿ ಮೂರು ವರ್ಷ ಮುಗಿಸಿ ಮತ್ತೆ ಹಲಗೆಗೆ ಬಂದವನು. ಹೋದ ವರ್ಷ ನಮ್ಮ ಎದುರಿನ ಎರಡು ಪಂದ್ಯಗಳಲ್ಲೇ ಆತ ಮೂವತ್ತೊಂದು ಪಾಯಿಂಟು ಹೊಡೆದಿದ್ದ. ಇದು ನನ್ನ ನೋಟುಬುಕ್ಕಿನ ಲೆಕ್ಕ. ಆ ಪುಟವನ್ನು ತೆರೆದು ಕಾಕಾನ ತೊಡೆಯ ಮೇಲೆ ನಾನೇ ಇಟ್ಟಿದ್ದೆ. ಅವರು ಅದನ್ನು ನೋಡಿದರು, ಮುಚ್ಚಿ ನನ್ನ ಕೈಗೆ ಕೊಟ್ಟರು, ಎದ್ದು ನಿಂತರು. ಆಮೇಲೆ ಹೇಳಿದ್ದು ದಡ್ಡಿಯವನ ಹೆಸರು. ಇಪ್ಪತ್ತೊಂದು ವರ್ಷದ, ಎತ್ತರದ ಹುಡುಗ. ಅಲ್ಲಿಯವರೆಗೆ ನೆಟ್ಟಿನ ಮುಂದೆ ನೆಗೆದು ಎದುರಿನವರ ಹೊಡೆತ ತಡೆಯುವ ಬ್ಲಾಕಿನಲ್ಲಷ್ಟೇ ಆಡಿದ್ದವನು.

"ಇವನ್ನ ಲಿಫ್ಟರ್ ಮಾಡ್ತೀನಿ," ಅಂದರು ಕಾಕಾ.

ಲಿಫ್ಟರ್ ಅಂದರೆ ಎರಡನೇ ಮುಟ್ಟಿನ ಆಟಗಾರ. ಎದುರಿನಿಂದ ಬಂದ ಚೆಂಡನ್ನು ಒಬ್ಬ ಪಾಸ್ ಕೊಡುತ್ತಾನೆ, ಲಿಫ್ಟರ್ ಅದನ್ನು ಬೆರಳುಗಳಿಂದ ನೆಟ್ಟಿನ ಮೇಲೆ ಎತ್ತಿ ಕೊಡುತ್ತಾನೆ, ಸ್ಮ್ಯಾಷರ್ ಹೊಡೆಯುತ್ತಾನೆ. ಚಪ್ಪಾಳೆ ಹೊಡೆದವನಿಗೆ. ಆದರೆ ಪ್ರತಿ ಚೆಂಡೂ ಲಿಫ್ಟರ್‌ನ ಕೈ ದಾಟಿಯೇ ಹೋಗಬೇಕು. ನಮ್ಮ ತಂಡದಲ್ಲಿ ಹನ್ನೆರಡು ವರ್ಷದಿಂದ ಆ ಜಾಗದಲ್ಲಿ ಆಡುತ್ತಿದ್ದವರು ಊರಿನ ಸಾಲಿ ಮಾಸ್ತರರು. ಅವರ ಬಲ ಮೊಣಕಾಲು ಎರಡು ವರ್ಷದಿಂದ ಕೈಕೊಡುತ್ತಿತ್ತು. ಅವರ ಹಿಂದೆ ಬದಲಿ ಲಿಫ್ಟರ್ ಆಗಿ ಮೂರು ವರ್ಷ ಬೆಂಚಿನ ಮೇಲೆ ಕೂತವನು ನಾನು. ಕೂತಲ್ಲಿ ಕೆಲಸವಿಲ್ಲದೆ ಲೆಕ್ಕ ಬರೆಯಲು ಶುರುಮಾಡಿದ್ದೆ. ಮಾಸ್ತರರ ನಂತರ ನಾನೇ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವಿದೆ ಎಂದು ನನಗೂ ಅನಿಸಿರಲಿಲ್ಲ.

ಮರುದಿನ ಸೋಮವಾರ ಸಂಜೆ ಐದೂವರೆಗೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಎಲ್ಲರೂ ಸೇರಿದರು. ಯಾರೂ ಕರೆದಿರಲಿಲ್ಲ. ಮೊದಲು ಬಾಯಿ ತೆಗೆದವನು ನಮ್ಮ ಸ್ಮ್ಯಾಷರ್. ಟ್ರ್ಯಾಕ್ಟರ್ ಓಡಿಸುತ್ತಾನೆ, ನಾವು ಕಿರಿಯರು ಅವನನ್ನು ಅಣ್ಣ ಅನ್ನುತ್ತೇವೆ.

"ಕಾಕಾ, ನಿಮಗ ಏನ್ ಆಗೇತ್ರಿ? ಹಲಗಿ ಮ್ಯಾಲ ಹುಲಿ ಇತ್ತು. ನೀವು ಹೋಗಿ ಆಕಳ ಕರಾ ಹಿಡ್ಕೊಂಡ್ ಬಂದ್ರಿ."

"ಹುಲಿ ತಂದ್ ಏನ್ ಮಾಡ್ತೀಯೋ? ಅದಕ್ಕ ಬಾಲ್ ಎತ್ತಿ ಕೊಡಾವ್ರ ಯಾರು?"

"ಮಾಸ್ತರ ಅದಾರಲ್ರಿ."

"ಮಾಸ್ತರ ಮೊಣಕಾಲಿಗಿ ಕೇಳಿ ಹೇಳ."

ಮಾಸ್ತರರು ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದರು. "ಮೊಣಕಾಲ ಯಾವಾಗೋ ರಜಾ ಅರ್ಜಿ ಕೊಟ್ಟೈತ್ರಿ," ಅಂದರು, "ನಾನ ಇನ್ನೂ ಸಹಿ ಹಾಕಿಲ್ಲ."

ಎಲ್ಲರೂ ನಕ್ಕರು. ಅಣ್ಣ ಮಾತ್ರ ನಗದೆ ನನ್ನ ಕಡೆ ಬೆರಳು ತೋರಿಸಿದ. "ಹಂಗಾದ್ರ ಇಂವ ಇಲ್ಲೇನ್ರಿ? ಮೂರ ವರ್ಷ ಆತು, ಬಾಜೂ ಕುಂತ ಕುಂತ ಬೆಂಚ್ ಸವದೈತಿ."

ಕಾಕಾ ನನ್ನನ್ನು ಒಮ್ಮೆ ನೋಡಿದರು. "ಅಂವ ಚೊಲೊ ಅದಾನ," ಅಂದರು. ಮುಂದೆ ಏನೋ ಬರುತ್ತದೆ ಎಂದು ನಾನು ಕಾದೆ. ಅವರು ಚಹಾ ಕುಡಿದರು.

ಕಾಕಾ ಬೋರ್‌ವೆಲ್ ಮೋಟರ್ ರಿಪೇರಿ ಮಾಡುತ್ತಾರೆ. ಸುಟ್ಟ ಮೋಟರನ್ನು ಬಿಚ್ಚಿ ಹೊಸ ತಂತಿ ಸುತ್ತುವ ಕೆಲಸ. ಒಂದು ಸುತ್ತು ತಪ್ಪಿದರೆ ಮೊದಲಿನಿಂದ ಸುತ್ತುತ್ತಾರೆ, ಸಿಟ್ಟು ಮಾಡುವುದಿಲ್ಲ. ಅಂದೂ ಹಾಗೇ ಮಾತಾಡಿದರು.

"ಕಬ್ಬ ಹಚ್ಚಿದ ಮರುದಿನ ಗಾಣಕ್ಕ ಒಯ್ತಿಯೇನೋ ತಮ್ಮಾ?"

"ಕಬ್ಬಾದ್ರ ವರ್ಷಕ್ಕ ಬರ್ತೈತ್ರಿ. ಇದು ಎಷ್ಟ ವರ್ಷದ ಬೆಳಿ? ಅದನ್ನಾರ ಹೇಳ್ರಿ."

"ಎರಡ."

"ಎರಡ ವರ್ಷಕ್ಕ ನನ್ನ ಭುಜಾ ಇರ್ತೈತೋ ಇಲ್ಲೋ!" ಅಣ್ಣ ಗ್ಲಾಸು ಕುಕ್ಕಿ ಎದ್ದು ಹೋದ.

ಅಣ್ಣನ ಮಾತನ್ನು ನಾನು ಹಾಗೇ ಬರೆದುಕೊಂಡೆ. ಅವನಿಗೆ ಮೂವತ್ಮೂರು. ಒಮ್ಮೆಯಾದರೂ ಗೆದ್ದ ಕಪ್ ಊರಿಗೆ ಬರಬೇಕು ಅನ್ನುವವನು, ನೆಗೆಯುವ ಶಕ್ತಿ ಇನ್ನೆಷ್ಟು ದಿನ ಎಂದು ದಿನಾ ಲೆಕ್ಕ ಹಾಕುವವನು. ಅವನದು ತಪ್ಪೆಂದು ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಮುಂದಿನ ಎರಡು ವಾರ ಊರಲ್ಲಿ ಇದೇ ಚರ್ಚೆ. ತಯಾರಾದವನನ್ನು ತರಬೇಕಿತ್ತೋ, ತಯಾರು ಮಾಡುವವನನ್ನೋ? ಕಟಿಂಗ್ ಅಂಗಡಿಯಲ್ಲಿ, ಹಾಲಿನ ಡೇರಿಯ ಸಾಲಿನಲ್ಲಿ, ಎಲ್ಲ ಕಡೆ. ನಾನು ಗುರುತು ಹಾಕುತ್ತ ಹೋದೆ. ಎರಡನೇ ವಾರದ ಕೊನೆಗೆ ಸ್ಮ್ಯಾಷರ್ ಬೇಕಿತ್ತು ಅಂದವರು ಹತ್ತೊಂಬತ್ತು, ಕಾಕಾ ಮಾಡಿದ್ದು ಸರಿ ಅಂದವರು ನಾಲ್ಕು. ಆ ನಾಲ್ವರಲ್ಲಿ ಒಬ್ಬರು ಕಾಕಾನ ಹೆಂಡತಿ. ನನ್ನ ಹೆಸರಿಗೆ ಯಾವ ಕಡೆಯೂ ಗುರುತು ಹಾಕಿಕೊಳ್ಳಲಿಲ್ಲ. ಹಾಕಿದ್ದರೆ ಎಲ್ಲಿ ಹಾಕುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು.

ದಡ್ಡಿಯವನು ಬುಧವಾರ ಮತ್ತು ಪಂದ್ಯವಿಲ್ಲದ ಭಾನುವಾರ ತಾಲೀಮಿಗೆ ಬರುತ್ತಿದ್ದ. ಎರಡು ಬಸ್ಸು ಬದಲಿಸಿ, ನಾಲ್ಕು ಹತ್ತರ ಬಸ್ಸಿನಿಂದ ಇಳಿಯುತ್ತಿದ್ದ. ಮೊದಲ ಬುಧವಾರ ಅವನ ಹೆಸರಿಗೊಂದು ಪುಟ ತೆಗೆದೆ. ಲಿಫ್ಟರ್‌ನ ದೊಡ್ಡ ತಪ್ಪು ಡಬಲ್: ಚೆಂಡು ಎರಡೂ ಕೈಗೆ ಒಟ್ಟಿಗೆ ತಾಕಬೇಕು, ಒಂದಾದ ಮೇಲೆ ಒಂದಕ್ಕೆ ತಾಕಿದರೆ ಪಾಯಿಂಟು ಎದುರಿನವರಿಗೆ. ಮೊದಲ ದಿನ ನಲವತ್ತು ಚೆಂಡು, ಹದಿಮೂರು ಡಬಲ್. ಭಾನುವಾರ ನಲವತ್ತಕ್ಕೆ ಹದಿನಾಲ್ಕು. ಮುಂದಿನ ಬುಧವಾರ ಹನ್ನೊಂದು. ಪ್ರತಿ ಡಬಲ್‌ಗೂ ಕಾಕಾ ಸೀಟಿ ಊದುತ್ತಿದ್ದರು, ಹುಡುಗ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ, ಮತ್ತೆ ಚೆಂಡಿಗೆ ಓಡುತ್ತಿದ್ದ.

ಚಹಾದಂಗಡಿಯಲ್ಲಿ ನನಗೊಂದು ಜಾಗ ಆಯಿತು. "ಇವತ್ತ ಎಷ್ಟಪಾ?" ಎಂದು ಕೇಳುತ್ತಿದ್ದರು. "ಹನ್ನೊಂದ್ರಿ," ಅನ್ನುತ್ತಿದ್ದೆ. ಅಷ್ಟೇ. ಉಳಿದದ್ದನ್ನು ಅವರೇ ಅನ್ನುತ್ತಿದ್ದರು. ನಾನು ಆ ಹುಡುಗನ ಬಗ್ಗೆ ಒಂದೂ ಕೆಟ್ಟ ಮಾತು ಆಡಲಿಲ್ಲ. ಸಂಖ್ಯೆ ಹೇಳಿದೆ, ಸಂಖ್ಯೆ ಖರೆ ಇತ್ತು.

ಮೂರನೇ ಪಂದ್ಯದಲ್ಲಿ ಕಾಕಾ ಅವನನ್ನು ಒಂದು ಸೆಟ್ಟಿಗೆ ಇಳಿಸಿದರು. ಐದು ಡಬಲ್, ಸೆಟ್ ಸೋತೆವು. ಎದುರಿನವರ ಕಡೆಯಿಂದ ಯಾರೋ ಕೂಗಿದರು: "ಏ ಕಲ್ಲೋಳಿಯವರ, ಕುರಿ ಹೊಡದಂಗ ಬಾಲ್ ಹೊಡ್ಯಾಕ ಹಚ್ಚೀರೇನು?" ಹುಡುಗನ ಮನೆಯವರು ಕುರಿಗಾರರು. ಆ ಮಾತಿಗೆ ಎದ್ದವನು ಅಣ್ಣ. ಹುಡುಗನನ್ನು ತರಬಾರದಿತ್ತು ಎಂದು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ ಅಣ್ಣನೇ ನೆಟ್ಟಿನ ತನಕ ಹೋಗಿ, "ಆಟದ್ದ ಮಾತಾಡಲೇ, ಮನಿದಲ್ಲ," ಅಂದ. ತಿರುಗಿ ಬಂದು ಹುಡುಗನಿಗೂ ಬೈದ. "ನೀನೂ ಬರೊಬ್ಬರಿ ಎತ್ತಲೇ ಇನ್ನ. ಎಷ್ಟ ಮಂದಿ ಕೂಡ ಜಗಳಾಡ್ಲಿ ನಾ?"

ನಾಲ್ಕನೇ ಪಂದ್ಯದಲ್ಲಿ ಕಾಕಾ ನನ್ನನ್ನು ಒಂದು ಸೆಟ್ಟಿಗೆ ಇಳಿಸಿದರು. ಡಬಲ್ ಸೊನ್ನೆ. ಸೆಟ್ ಇಪ್ಪತ್ತೆರಡು–ಇಪ್ಪತ್ತೈದಕ್ಕೆ ಸೋತೆವು. ಅಂದು ಮನೆಗೆ ಬಂದು ಆ ಸೊನ್ನೆಯ ಸುತ್ತ ಎರಡು ಗೆರೆ ಎಳೆದೆ.

ಒಬ್ಬನನ್ನು ಬಿಡುವ ದಿನ ಮುಂದಿನ ಭಾನುವಾರಕ್ಕೆ ಗೊತ್ತಾಯಿತು. ನಾವು ಆರಿಸಿದ್ದ ಇನ್ನೊಬ್ಬ ಮೂಡಲಗಿ ಕಡೆಯ ಬ್ಲಾಕರ್, ಚೆನ್ನಾಗಿಯೇ ಆಡಿದ್ದ. ಬ್ಲಾಕರ್ ಉಳಿದರೆ ದಡ್ಡಿಯವನು ಹೋಗುತ್ತಾನೆ, ಮಾಸ್ತರರ ಜಾಗ ನನ್ನದಾಗುತ್ತದೆ. ದಡ್ಡಿಯವನು ಉಳಿದರೆ ನನ್ನ ಮೂರು ವರ್ಷದ ಕಾಯುವಿಕೆ ಅಲ್ಲಿಗೆ ಮುಗಿಯುತ್ತದೆ. ಇದರಲ್ಲಿ ನಡುವಿನ ದಾರಿ ಇರಲಿಲ್ಲ.

ಆ ವಾರದ ಬುಧವಾರ ಮಾಸ್ತರರು ಮೈದಾನದ ಕಟ್ಟೆಯ ಮೇಲೆ ಕೂತು ನೀಕ್ಯಾಪ್ ಬಿಚ್ಚುತ್ತಿದ್ದರು. "ತಾ ಇಲ್ಲೆ ನಿನ್ನ ಬುಕ್ಕ," ಅಂದರು. ಕೊಟ್ಟೆ. ಪರೀಕ್ಷೆಯ ಪೇಪರು ತಿದ್ದುವವರ ಹಾಗೆ ಒಂದೊಂದೇ ಪುಟ ತಿರುವಿದರು.

"ಚೊಲೊ ಬರದಿ. ತಾರೀಖು ಐತಿ, ಟೈಮ್ ಐತಿ. ನಿಂದ ಪುಟ ಎಲ್ಲೈತಿ?"

"ನನ್ನ ಆಟ ಎಲ್ಲಾರಿಗೂ ಗೊತ್ತೈತಲ್ರಿ ಸರ್. ಡಬಲ್ ಆಗೂದಿಲ್ಲ ನಂದು."

"ಆಗೂದಿಲ್ಲ. ಯಾಕ ಆಗೂದಿಲ್ಲ?"

ಕೈ ಸರಿ ಇದೆ, ಅದಕ್ಕೆ ಆಗುವುದಿಲ್ಲ ಎಂದು ಹೇಳಲು ಬಾಯಿ ತೆಗೆದೆ. ಮಾಸ್ತರರು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಮುಂಗೈ ನೋಡುತ್ತಿದ್ದರು. ಮೊಣಕೈ ಮತ್ತು ಮಣಿಕಟ್ಟಿನ ನಡುವೆ ಅದು ಕೆಂಪಗಿತ್ತು. ಯಾವಾಗಲೂ ಕೆಂಪಗೇ ಇರುತ್ತದೆ.

"ಪಾಸ್ ಚೊಲೊ ಬಂದ್ರ ಬೆರಳಿಂದ ಎತ್ತತಿ. ಸ್ವಲ್ಪ ದೂರ ಬಿತ್ತಂದ್ರ ಕೈ ಜೋಡಿಸಿ ಮುಂಗೈಯಿಂದ ಬಡದ್ ಬಿಡ್ತಿ. ಮುಂಗೈಯಿಂದ ಬಡದ್ರ ಡಬಲ್ ಹೆಂಗ ಆಗ್ತೈತೋ? ಆಗೂದ ಇಲ್ಲ. ಆದ್ರ ಆ ಬಾಲ್ ಎಲ್ಲಿ ಹೊಕ್ಕೈತಿ ಅಂತ ಪಾಪ ಟ್ರ್ಯಾಕ್ಟರ್‌ದವಂಗೂ ಗೊತ್ತಾಗೂದಿಲ್ಲ, ನಿನಗೂ ಗೊತ್ತಾಗೂದಿಲ್ಲ. ಆ ಹುಡುಗ ಎಲ್ಲಾ ಬಾಲಿಗೂ ಬೆರಳ ಹಾಕ್ತಾನ. ಅದಕ್ಕ ತಪ್ಪತಾನ." ಪುಸ್ತಕ ಮಡಚಿ ಕೊಟ್ಟರು. "ನೀ ಬರದದ್ದು ಸುಳ್ಳಂತ ನಾ ಅಂದಿಲ್ಲ ಮತ್ತ. ಯಾವ ಬಾಲಿಗೆ ಅಂತ ಬರದಿಲ್ಲ, ಅಷ್ಟ."

ಅಂದು ಹುಡುಗನನ್ನು ಬಸ್ಸಿಗೆ ಬಿಡಲು ಹೋದವನು ನಾನೇ. ಬಸ್ಸು ಇಪ್ಪತ್ತು ನಿಮಿಷ ತಡ. ಏನಾದರೂ ಮಾತಾಡಬೇಕಲ್ಲ ಎಂದು, ಬಿಟ್ಟರೆ ಏನು ಮಾಡುತ್ತೀ ಎಂದು ಕೇಳಿದೆ. ಕೇಳಿದ ಮೇಲೆ, ಯಾಕೆ ಕೇಳಿದೆನೋ ಅನಿಸಿತು.

"ಮನ್ಯಾಗ ಒಂದ ವರ್ಷ ಕೇಳ್ಕೊಂಡೇನ್ರಿ ಅಣ್ಣಾರ. ನನ್ನ ಬದ್ಲಿ ನಮ್ಮಣ್ಣ ಕುರಿ ಹಿಂದ ಹೋಗ್ಯಾನ. ಬಿಟ್ರ, ಸಂಕ್ರಮಣ ಆದ ಮ್ಯಾಲ ನಾ ಹೋಗೂದ್ರಿ."

"ತಿರುಗಿ ಯಾವಾಗ ಬರ್ತಿ?"

"ಮಳಿಗಾಲಕ್ಕ. ಅಷ್ಟ್ರಾಗ ಕೈ ಎಲ್ಲಾ ಮರತಿರ್ತಾವ್ರಿ."

ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ. ಬಸ್ಸಿನ ಟೈಮು ಹೇಳಿದ ಹಾಗೆ ಹೇಳಿದ. ಬಸ್ಸು ಬಂದಾಗ, "ನಿಮ್ಮ ಲೆಕ್ಕದಾಗ ಇವತ್ತ ಎಷ್ಟ್ರಿ ಅಣ್ಣಾರ?" ಎಂದು ಕೇಳಿದ. ಒಂಬತ್ತು ಅಂದೆ. "ಕಡಿಮಿ ಆತ್ರಿ," ಅಂದು ಹತ್ತಿದ. ಆ ಒಂಬತ್ತನ್ನು ನಾನು ಅಂದು ಚಹಾದಂಗಡಿಯಲ್ಲಿ ಹೇಳಲಿಲ್ಲ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆನೇನೋ, ಗೊತ್ತಿಲ್ಲ.

ಶನಿವಾರ ಹುಡುಗನಿಗೆ ಫೋನು ಮಾಡಿ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಾ ಅಂದೆ. ಭಾನುವಾರ ಒಂಬತ್ತಕ್ಕೆ ಮೈದಾನದಲ್ಲಿ ನಾವು ನಾಲ್ವರು: ಅವನು, ನಾನು, ಕಾಕಾ, ಮಾಸ್ತರರು. ಪೆನ್ನನ್ನೂ ಪುಸ್ತಕವನ್ನೂ ಮಾಸ್ತರರಿಗೆ ಕೊಟ್ಟೆ. ಹೊಸ ಪುಟದಲ್ಲಿ ಇಬ್ಬರಿಗೂ ಒಂದೊಂದು ಕಾಲಂ. ಕಾಕಾ ಕೆಟ್ಟ ಪಾಸುಗಳನ್ನೇ ಹಾಕಬೇಕು, ನೆಟ್ಟಿನಿಂದ ದೂರ, ಬದಿಗೆ, ತಗ್ಗಿಗೆ. ಒಬ್ಬೊಬ್ಬನಿಗೆ ನಲವತ್ತು.

"ಇದೇನ್ ಆಟಾ ಹಚ್ಚೀರೋ ಮುಂಜಾನೆದ್ದು?" ಅಂದರು ಕಾಕಾ. ಆದರೆ ಹಾಕಿದರು.

ಮೊದಲು ನಾನು. ಬೆರಳಿಂದಲೇ ಎತ್ತಬೇಕು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ನಿಂತೆ. ಮೂರನೇ ಚೆಂಡಿಗೇ ಕೈಗಳು ತಾವಾಗಿ ಜೋಡಿಸಿಕೊಂಡವು. ಮೂರು ವರ್ಷದಲ್ಲಿ ನಾನು ಕಲಿತದ್ದು ತಪ್ಪದೆ ಇರುವುದನ್ನು. ಅದನ್ನು ಕೈ ಬಿಟ್ಟುಕೊಡಲಿಲ್ಲ. ನಲವತ್ತಕ್ಕೆ ಬೆರಳು ಹಾಕಿದ್ದು ಒಂಬತ್ತು, ಡಬಲ್ ಒಂದು. ಉಳಿದ ಮೂವತ್ತೊಂದು ಮುಂಗೈ. ಅದರಲ್ಲಿ ಸ್ಮ್ಯಾಷರ್ ಹೊಡೆಯಬಹುದಾದ ಜಾಗಕ್ಕೆ ಬಿದ್ದದ್ದು ಆರು.

ಆಮೇಲೆ ಅವನು. ನಲವತ್ತರಲ್ಲಿ ಮೂವತ್ನಾಲ್ಕಕ್ಕೆ ಬೆರಳು ಹಾಕಿದ, ಆರು ಕೈಗೆ ಸಿಗಲಿಲ್ಲ. ಡಬಲ್ ಹನ್ನೆರಡು. ಉಳಿದ ಇಪ್ಪತ್ತೆರಡರಲ್ಲಿ ಹದಿನೇಳು ಚೆಂಡು ಹೊಡೆಯುವ ಜಾಗಕ್ಕೇ ಬಂದವು. ಒಂದು ಚೆಂಡಿಗಂತೂ ಸೈಡ್ ಲೈನಿನ ಹೊರಗೆ, ಕಾಕಾ ಮೋಟರ್‌ಸೈಕಲ್ ನಿಲ್ಲಿಸಿದ್ದ ಕಡೆ ಓಡಿ, ಬೆನ್ನು ನೆಟ್ಟಿಗೆ ಮಾಡಿಕೊಂಡು ಎತ್ತಿದ. ಆ ಚೆಂಡು ಬಂದು ನಿಂತ ಎತ್ತರವನ್ನು ನೋಡಿ ನನ್ನ ಬಾಯಿಂದಲೇ "ಶಾಬ್ಬಾಸ್" ಎಂದು ಹೊರಟಿತು. ಮಾಸ್ತರರು ಅದನ್ನು ಬರೆದುಕೊಳ್ಳುವವರ ಹಾಗೆ ಪೆನ್ನು ಎತ್ತಿ ನಕ್ಕರು.

ಹನ್ನೊಂದಕ್ಕೆ ಪಂಚಾಯಿತಿ ಹಿಂದಿನ ಬೇವಿನ ಗಿಡದ ಕೆಳಗೆ ತಂಡದವರೆಲ್ಲ ಕೂತರು. ಹುಡುಗನನ್ನು ಚಹಾ ಕುಡಿದು ಬಾ ಎಂದು ಕಳಿಸಿದ್ದರು. ಅಣ್ಣ ನೇರವಾಗಿ ನನಗೇ ಹೇಳಿದ: "ಓದಪಾ ನಿನ್ನ ಬುಕ್ಕ. ಡಬಲ್ ಎಲ್ಲಾ ಕೂಡಿಸಿ ಓದು. ಎಲ್ಲಾರೂ ಕೇಳ್ಲಿ."

ಹಳೆಯ ಪುಟ ನನ್ನ ಹೆಬ್ಬೆರಳ ಕೆಳಗೇ ಇತ್ತು. ಅದನ್ನಷ್ಟೇ ಓದಿ ಕೂತಿದ್ದರೆ ನಾನು ಸುಳ್ಳು ಹೇಳಿದ ಹಾಗೆ ಆಗುತ್ತಿರಲಿಲ್ಲ. ಮಾಸ್ತರರು ಅಲ್ಲೇ ಇದ್ದರು. ಆದರೆ ಅವರು ಬಾಯಿ ಬಿಡುತ್ತಿರಲಿಲ್ಲ ಎಂದು ನನಗೆ ಖಾತ್ರಿಯಿತ್ತು, ತುತ್ತು ಮಾಡಿ ಉಣ್ಣಿಸುವವರಲ್ಲ ಅವರು. ಕಾಕಾ ನೆಲದ ಮೇಲೆ ಕಡ್ಡಿಯಿಂದ ಏನೋ ಗೀಚುತ್ತಿದ್ದರು.

ಮೊದಲು ಹಳೆಯ ಪುಟ ಓದಿದೆ. ಆಮೇಲೆ ಬೆಳಗಿನ ಪುಟ ಓದಿದೆ. ನನ್ನ ಕಾಲಂ ಮೊದಲು ಓದಿದೆ, ಅವನದು ಆಮೇಲೆ. ಕೊನೆಗೆ ಒಂದು ಮಾತು ಸೇರಿಸಿದೆ: "ಹೋದ ಪಂದ್ಯದಾಗ ನಂದು ಡಬಲ್ ಸೊನ್ನಿ ಇತ್ರಿ. ಆ ಸೆಟ್ಟಿನಾಗ ಅಣ್ಣಗ ಹೊಡ್ಯಾಕ ಬಾಲ್ ಸಿಕ್ಕಿದ್ದು ಏಳ ಸಲ. ದಡ್ಡಿಯಾಂವ ಆಡಿದ ಸೆಟ್ಟಿನಾಗ ಹದಿನಾಕ ಸಲ." ಅದನ್ನು ನಾನು ಹಿಂದಿನ ದಿನ ಹಳೆಯ ಪುಟಗಳಿಂದ ಹೆಕ್ಕಿ ತೆಗೆದಿದ್ದೆ. ಬರೆದಿಟ್ಟದ್ದೇ ಇತ್ತು, ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ.



"ಲೇ," ಅಂದ ಅಣ್ಣ, "ನಿನ್ನ ತಲಿ ಮ್ಯಾಲ ನೀನ ಕಲ್ಲ ಹಾಕ್ಕೊಂಡೆಲ್ಲೋ!" ಆಮೇಲೆ ಏನೋ ನೆನಪಾದವನಂತೆ ತನ್ನ ಬಲಭುಜ ತಿಕ್ಕಿಕೊಂಡ. "ಹದಿನಾಕ ಅಂದಿ? ಖರೆ ಏನು?"

"ಖರೆ."

"ಅದಕ್ಕ ಆವತ್ತ ಭುಜಾ ನೋಯಾಕತ್ತಿತ್ತು ನಂದು." ದಡ್ಡಿಯವನನ್ನು ಉಳಿಸಿಕೊಳ್ಳಲು ಅವನೇ ಮೊದಲು ಕೈ ಎತ್ತಿದ. ಕೈ ಎತ್ತಿದರೂ ಸುಮ್ಮನಾಗಲಿಲ್ಲ. "ಈ ವರ್ಷದ ಕಪ್ ಮಾತ್ರ ಹೋತು. ಅದನ್ನೂ ಬರಕೋ, ಕಾಕಾನ ಹೆಸರಿಗೆ," ಅಂದ.

ಒಂಬತ್ತು ಕೈ ಎದ್ದವು, ಮೂರು ಏಳಲಿಲ್ಲ. ನನ್ನದು ಒಂಬತ್ತರಲ್ಲಿ ಇತ್ತು, ಆದರೆ ಕೊನೆಯದಾಗಿ ಎದ್ದದ್ದು ಅದೇ. ಬ್ಲಾಕರ್‌ಗೆ ಕಾಕಾ ಅಲ್ಲೇ ಫೋನು ಮಾಡಿ ಸಮಾಧಾನವಾಗಿ ಮಾತಾಡಿದರು. ಅವನನ್ನು ಅದೇ ಸಂಜೆ ಬೇರೆ ತಂಡದವರು ತೆಗೆದುಕೊಂಡರು. ಫೋನು ಇಟ್ಟ ಮೇಲೆ ಕಾಕಾ ನನ್ನ ಪಕ್ಕ ಬಂದು ಕೂತರು. ಏನಾದರೂ ಹೇಳುತ್ತಾರೆ ಎಂದುಕೊಂಡೆ. ಅವರು ಹೇಳಲಿಲ್ಲ, ಕೇಳಿದರು.

"ಬುಧವಾರ ಬರ್ತೀಯಿಲ್ಲೋ?"

"ನೋಡ್ತೀನ್ರಿ," ಅಂದು ಪುಸ್ತಕ ಮಡಚಿ ಎದ್ದೆ. ಸೋಮವಾರ ಇಡೀ ದಿನ ಬರುವುದಿಲ್ಲ ಎಂದೇ ಇದ್ದೆ. ಮಂಗಳವಾರ ಮಧ್ಯಾಹ್ನದ ತನಕವೂ ಹಾಗೇ ಇದ್ದೆ. ಮನೆಯಲ್ಲಿ ಅವ್ವ, "ಮಾರಿ ಯಾಕ ಹಂಗ ಮಾಡ್ಕೊಂಡ್ ಕುಂತಿ, ಹಲ್ಲ ನೋಯ್ತೈತೇನು?" ಎಂದು ಎರಡು ಸಲ ಕೇಳಿದಳು. ಹಲ್ಲು ನೋವು ಅಂದೆ. ಲವಂಗ ಕೊಟ್ಟಳು, ಬಾಯಲ್ಲಿ ಇಟ್ಟುಕೊಂಡು ಕೂತೆ.

ಬುಧವಾರ ನಾಲ್ಕಕ್ಕೆ ಮೈದಾನಕ್ಕೆ ಹೋದೆ. ಮಾಸ್ತರರಿಗೆ ಶಾಲೆಯಲ್ಲಿ ಸಭೆ ಇತ್ತು, ಕಾಕಾ ಒಂದು ಮೋಟರ್ ಎತ್ತಿಸಲು ತೋಟಕ್ಕೆ ಹೋಗಿದ್ದರು. ನಾಲ್ಕು ಹತ್ತರ ಬಸ್ಸಿನಿಂದ ಇಳಿದ ಹುಡುಗ ಮೈದಾನದಲ್ಲಿ ನಾನೊಬ್ಬನೇ ಇರುವುದನ್ನು ನೋಡಿ ಗೇಟಿನ ಹತ್ತಿರವೇ ನಿಂತ. ಒಳಗೆ ಬರಬೇಕೋ ಬೇಡವೋ ಎಂಬ ನಿಲುವು ಅದು. ನಾನು ನೆಟ್ಟಿನ ಹಗ್ಗ ಬಿಗಿದೆ. ಚೆಂಡನ್ನು ಕೈಗೆ ತೆಗೆದುಕೊಂಡು, ಪಾಸ್ ಹಾಕುವವನು ನಿಲ್ಲುವ ಜಾಗಕ್ಕೆ ಹೋಗಿ ನಿಂತೆ.

ಅವನು ಬಂದು ಲಿಫ್ಟರ್‌ನ ಜಾಗದಲ್ಲಿ ನಿಂತ. ಮೊದಲ ಚೆಂಡನ್ನು ನೇರವಾಗಿ ಅವನ ತಲೆಯ ಮೇಲೆ ಹಾಕಿದೆ. ಎತ್ತಿದ. ಎರಡನೆಯದನ್ನೂ ಹಾಗೇ ಹಾಕಿದೆ. ಎತ್ತಿದ. ಮೂರನೆಯದಕ್ಕೆ ಕೈ ಎತ್ತದೆ ಚೆಂಡನ್ನು ಹಿಡಿದು ನನ್ನ ಕಡೆಗೆ ಎಸೆದ.

"ಅಣ್ಣಾರ, ಇಂಥವು ಯಾರ ಬೇಕಾದ್ರೂ ಎತ್ತತಾರ್ರಿ. ಕೆಟ್ಟವು ಹಾಕ್ರಿ."

ನಾನು ಎರಡು ಹೆಜ್ಜೆ ಹಿಂದೆ ಸರಿದು, ನೆಟ್ಟಿನಿಂದ ದೂರ, ಎಡಗಡೆಯ ಮೂಲೆಗೆ, ತಗ್ಗಾಗಿ ಹಾಕಿದೆ. ಅವನು ಓಡಿದ.